ಓದುಗರ ಪ್ರಶ್ನೆ: ಮೂವತ್ತೈದರ ವಯಸ್ಸಿನಲ್ಲಿ ಸಮಾಜಕಾರ್ಯದ ಓದು

ಪ್ರಶ್ನೆ: ನನಗೆ 35 ವರ್ಷ. ಬಿ.ಕಾಂ. ಮುಗಿಸಿ ಹನ್ನೆರಡು ವರ್ಷಗಳಿಂದ ಕಾಫಿ ಕ್ಯೂರಿಂಗ್ ವರ್ಕ್ಸ್ (ಕಾಫಿ ಬೀಜ ಸಂಸ್ಕರಿಸುವ ಘಟಕ) ಒಂದರಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತಿದ್ದೇನೆ. 2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ ಗುಡ್ಡ ಕುಸಿದಾಗ ಪರಿಹಾರ ಕೇಂದ್ರದಲ್ಲಿ ದುಡಿದಂದಿನಿಂದ ಇದನ್ನೇ ವೃತ್ತಿಯಾಗಿಸಿಕೊಳ್ಳುವ ಆಸೆಯಿದೆ. ಬಿ.ಎಸ್.ಡಬ್ಲ್ಯೂ. (ಸಮಾಜಕಾರ್ಯದ ಪದವಿ) ಓದದ ನಾನು ಎಂ.ಎಸ್.ಡಬ್ಲ್ಯೂ. (ಸಮಾಜಕಾರ್ಯದ ಸ್ನಾತಕೋತ್ತರ ಪದವಿ) ಸೇರಬಹುದೇ? ಕೆಲಸ ಬಿಡದೆ ದೂರಶಿಕ್ಷಣದಲ್ಲಿ ಮಾಡಬಹುದೇ?
– ಓದುಗರು, ಕುಶಾಲನಗರ

ಉತ್ತರ: ಬಿ.ಎಸ್.ಡಬ್ಲ್ಯೂ. ಇಲ್ಲವೆಂಬುದು ಅಡ್ಡಿಯಲ್ಲ, ಎರಡು ವರ್ಷದ ಎಂ.ಎಸ್.ಡಬ್ಲ್ಯೂ.ಗೆ ಹಲವು ವಿಶ್ವವಿದ್ಯಾಲಯಗಳು ಯಾವ ವಿಷಯದ ಪದವೀಧರರನ್ನೂ ಸೇರಿಸಿಕೊಳ್ಳುತ್ತವೆ. ನಿಮಗೆ ಹತ್ತಿರದಲ್ಲಿ ಮೈಸೂರು ವಿಶ್ವವಿದ್ಯಾಲಯದ ಮಾನಸಗಂಗೋತ್ರಿಯೂ, 1960ರಿಂದ ನಡೆದುಬಂದಿರುವ ಮಂಗಳೂರಿನ ಸಮಾಜಕಾರ್ಯ ಕಾಲೇಜು ರೋಶನಿ ನಿಲಯವೂ ಇವೆ.

ಆದರೆ ಸೇರುವ ಮೊದಲು ಒಂದು ವ್ಯತ್ಯಾಸವನ್ನು ಮನಗಾಣಬೇಕು. ಪರಿಹಾರ ಕೇಂದ್ರದಲ್ಲಿ ನೀವು ಮಾಡಿದ್ದು ಸಮಾಜಸೇವೆ. ಕಂಬಳಿ, ಅಕ್ಕಿ ಹಂಚಿ ಎಲ್ಲರೂ ಹಿಂದಿರುಗಿದ ಮೇಲೆ, ಮನೆಯನ್ನೂ ತೋಟವನ್ನೂ ಕಳೆದುಕೊಂಡ ವೃದ್ಧರೊಬ್ಬರು ಹೊಸ ಬಡಾವಣೆಯ ಮನೆಯಲ್ಲಿ ಮಾತುಬಿಟ್ಟು ಕುಳಿತಿದ್ದರೆ, ಅವರ ಬಳಿ ಎಷ್ಟು ಸಲ ಹೋಗಬೇಕು, ಏನನ್ನು ಕೇಳಬಾರದು, ಯಾವಾಗ ಮನೋವೈದ್ಯರ ಬಳಿ ಕಳುಹಿಸಬೇಕು ಎಂಬುದನ್ನು ಅರಿತು ಮಾಡುವುದು ಸಮಾಜಕಾರ್ಯ. ವ್ಯಕ್ತಿಗತ ಕಾರ್ಯ, ವೃಂದಗತ ಕಾರ್ಯ, ಸಮುದಾಯ ಸಂಘಟನೆ ಎಂದು ಪಠ್ಯದಲ್ಲಿ ಬರುವ ವಿಧಾನಗಳು ಕೈಹತ್ತುವುದು ಕ್ಷೇತ್ರಕಾರ್ಯದಲ್ಲಿ. ಸಾಮಾನ್ಯವಾಗಿ ವಾರಕ್ಕೆ ಎರಡು ದಿನ ಆಸ್ಪತ್ರೆಗೋ ಸಂಸ್ಥೆಗೋ ಬುಡಕಟ್ಟು ಜನರ ಹಾಡಿಗೋ ಹೋಗಿ, ಕಂಡದ್ದನ್ನೂ ತಾನು ಆಡಿದ್ದನ್ನೂ ಬರೆದು, ಮಾರ್ಗದರ್ಶಕರ ಎದುರು ಕುಳಿತು ತನ್ನ ತಪ್ಪನ್ನು ತಿದ್ದಿಕೊಳ್ಳಬೇಕಾಗುತ್ತದೆ. ಹನ್ನೆರಡು ವರ್ಷ ದುಡಿದವರಿಗೆ ಇದು ಕೊಂಚ ಮುಜುಗರದ ಕೆಲಸವೇ.

ಇಗ್ನೋದಲ್ಲಿ (ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯ) ಯಾವ ಪದವೀಧರರೂ ದೂರಶಿಕ್ಷಣದ ಮೂಲಕ ಎಂ.ಎಸ್.ಡಬ್ಲ್ಯೂ. ಮಾಡಬಹುದು, ಕನಿಷ್ಠ 2 ವರ್ಷ, ಗರಿಷ್ಠ 4 ವರ್ಷ. ಅಲ್ಲಿಯೂ ಕ್ಷೇತ್ರಕಾರ್ಯ ಕಡ್ಡಾಯವಾದ್ದರಿಂದ, ಕೊಯ್ಲು ಮುಗಿದು ಕ್ಯೂರಿಂಗ್ ಭರದಲ್ಲಿರುವ ತಿಂಗಳುಗಳಲ್ಲಿ ನಿಮಗೆ ರಜೆ ಸಿಗುವುದೇ ಎಂಬುದನ್ನು ಈಗಲೇ ಮಾಲೀಕರಲ್ಲಿ ಕೇಳಿಕೊಳ್ಳಿ. ಯಾವ ಕಾಲೇಜಾದರೂ ಸರಿ, ಕಟ್ಟಡವನ್ನೂ ಜಾಹೀರಾತನ್ನೂ ನೋಡದೆ, ವಿದ್ಯಾರ್ಥಿಗಳ ವರದಿಯನ್ನು ಪ್ರತಿ ವಾರ ಯಾರು ಓದುತ್ತಾರೆ ಎಂದು ವಿಚಾರಿಸಿ. ಉತ್ತರ ತಡವರಿಸಿದರೆ ಆ ಕಡೆ ಹೋಗಬೇಡಿ.

ಲೆಕ್ಕದ ಕೆಲಸ ವ್ಯರ್ಥವಾಯಿತೆಂದು ಭಾವಿಸಬೇಡಿ. ತೋಟದ ಲೈನ್‌ಮನೆಯ (ಸಾಲುಮನೆಯ) ಕಾರ್ಮಿಕರೊಬ್ಬರು ಮುಂಗಡ ಸಾಲದ ಚೀಟಿ ತಂದು ತೋರಿಸಿದರೆ, ಅದರಲ್ಲಿ ಎಷ್ಟು ಮುರಿದುಕೊಂಡಿದ್ದಾರೆ, ಎಷ್ಟು ಉಳಿದಿದೆ ಎಂದು ಕೂಡಲೇ ಹೇಳಬಲ್ಲ ಸಮಾಜಕಾರ್ಯಕರ್ತರು ಅಪರೂಪ.

ಪ್ರಶ್ನೆ: ನಾನು ಬಿ.ಎ. ಅಂತಿಮ ವರ್ಷದಲ್ಲಿದ್ದೇನೆ. ಎಂ.ಎಸ್.ಡಬ್ಲ್ಯೂ. ಮಾಡಿದರೆ ಕೊಡಗಿನಲ್ಲೇ ಉದ್ಯೋಗ ಸಿಗುವುದೇ?
– ವಿದ್ಯಾರ್ಥಿನಿ, ಪೊನ್ನಂಪೇಟೆ

ಉತ್ತರ: ಸಿಗಬಹುದು, ಆದರೆ ಜಿಲ್ಲಾ ಮಕ್ಕಳ ರಕ್ಷಣಾ ಘಟಕ, ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದಂಥ ಕಡೆಗಳ ಹುದ್ದೆಗಳಲ್ಲಿ ಹೆಚ್ಚಿನವು ಗುತ್ತಿಗೆಯವು ಎಂಬುದನ್ನು ಮೊದಲೇ ತಿಳಿದಿರಬೇಕು. ಮುನ್ನೂರು ಅಥವಾ ಅದಕ್ಕಿಂತ ಹೆಚ್ಚು ಕಾರ್ಮಿಕರಿರುವ ತೋಟಗಳಲ್ಲಿ ಕ್ಷೇಮಾಧಿಕಾರಿ ಇರಬೇಕೆಂದು 2025ರವರೆಗೆ ಜಾರಿಯಲ್ಲಿದ್ದ 1951ರ ತೋಟ ಕಾರ್ಮಿಕರ ಕಾಯ್ದೆ ವಿಧಿಸಿತ್ತು, ಹಾಗಾಗಿ ದೊಡ್ಡ ಕಾಫಿ ಕಂಪನಿಗಳ ಕಡೆಯೂ ವಿಚಾರಿಸಿ ನೋಡಬಹುದು. ಅಪರಾಧದ ಆರೋಪ ಹೊತ್ತ ಮಕ್ಕಳ ಪ್ರಕರಣಗಳನ್ನು ನೋಡುವ ಬಾಲ ನ್ಯಾಯ ಮಂಡಳಿಯಲ್ಲಿ ಮ್ಯಾಜಿಸ್ಟ್ರೇಟರೊಡನೆ ಇಬ್ಬರು ಸಮಾಜಕಾರ್ಯಕರ್ತರು ಕೂರುತ್ತಾರೆ. ಅದಕ್ಕೆ ವರ್ಷಗಳ ಅನುಭವ ಬೇಕು, ಸದ್ಯಕ್ಕೆ ನಿಮ್ಮ ದಾರಿಯಲ್ಲ. ಫಲಿತಾಂಶಕ್ಕೆ ಕಾಯುವ ಈ ತಿಂಗಳುಗಳಲ್ಲಿ ಕೊಡಗಿನ ಬುಡಕಟ್ಟು ಜನರಾದ ಯರವರ ಮಾತನ್ನು, ಅಸ್ಸಾಮಿನಿಂದ ಬಂದ ಕಾರ್ಮಿಕರೊಡನೆ ಆಡುವಷ್ಟು ಹಿಂದಿಯನ್ನು ಕಲಿಯಲು ಆರಂಭಿಸಿ.