ಕಚೇರಿ, ಮನೆ, ಮೈ: ಮೂರಕ್ಕೂ ಒಂದೇ ಕಾಯಿಲೆಯಾ?

ಓದುಗರೊಬ್ಬರ ಪತ್ರದ ಸಾರ: "ನೌಕರಿ ಮಾಡಿದಷ್ಟು ಕಾಲವೂ ಒಂದು ದೊಡ್ಡ ಇಲಾಖೆಯಲ್ಲಿದ್ದೆ. ಕೆಲಸ ಎಲ್ಲಿ ಕೆಡುತ್ತಿದೆ ಅಂತ ಕೆಳಗಿನವರಿಗೆಲ್ಲ ಗೊತ್ತಿತ್ತು. ಮೇಲಿನವರಿಗೆ ಯಾರೂ ಹೇಳುತ್ತಿರಲಿಲ್ಲ. ಮನೆಯಲ್ಲೂ ಅದೇ ಕಥೆ. ಮಗ ದಾರಿ ತಪ್ಪಿದ, ಎಲ್ಲರೂ ಸೇರಿ ಅವನನ್ನೇ ಬೈದೆವು. ಈಗ ನನಗೆ ಬಿ.ಪಿ. ಮೂರೂ ಕಡೆ ಇರುವುದು ಒಂದೇ ಕಾಯಿಲೆ ಅಂತ ನನ್ನ ನಂಬಿಕೆ. ಕೊಳೆತ ಭಾಗವನ್ನು ಕತ್ತರಿಸಿ ತೆಗೆದರೆ ಉಳಿದದ್ದು ತಾನೇ ಸರಿಹೋಗುತ್ತದೆ. ನಿವೃತ್ತಿಯಾಗಿ ಕಚೇರಿಯ ಕಾಟ ತಪ್ಪಿತು. ಈಗ ಆರಾಮಾಗಿದ್ದೇನೆ. ಇನ್ನು ಮಾತ್ರೆಯನ್ನೂ ಬಿಡಬಹುದಲ್ವಾ?"

ಪ್ರಿಯ ಓದುಗರೇ,

ನಿಮ್ಮ ನಂಬಿಕೆಯನ್ನು ಅರ್ಧ ಒಪ್ಪುತ್ತೇನೆ. ಕತ್ತರಿಸುವ ಮಾತನ್ನು ಮಾತ್ರ ಒಪ್ಪುವುದಿಲ್ಲ. ಅಲ್ಲಿಂದಲೇ ಶುರು ಮಾಡೋಣ.

ಕುಷ್ಠರೋಗ ಬಂದವರ ಮಾಂಸ ತಾನಾಗಿ ಕೊಳೆತು ಬೆರಳು ಉದುರುತ್ತದೆ ಅಂತ ಜನ ಬಹಳ ಕಾಲ ನಂಬಿದ್ದರು. ವೆಲ್ಲೂರಿನಲ್ಲಿ ಇಂಥ ರೋಗಿಗಳ ಕೈಕಾಲುಗಳಿಗೆ ಶಸ್ತ್ರಚಿಕಿತ್ಸೆ ಮಾಡುತ್ತಿದ್ದ ಡಾಕ್ಟರ್ ಪಾಲ್ ಬ್ರ್ಯಾಂಡ್ ಕಂಡುಕೊಂಡದ್ದೇ ಬೇರೆ. ರೋಗಾಣು ಕೆಡಿಸುವುದು ನರವನ್ನು. ನರ ಸತ್ತ ಮೇಲೆ ನೋವು ತಿಳಿಯುವುದಿಲ್ಲ. ಕಾದ ಪಾತ್ರೆ ಹಿಡಿದರೂ ಕೈ ಹಿಂದಕ್ಕೆ ಬರುವುದಿಲ್ಲ. ಗಾಯವಾದ ಪಾದದ ಮೇಲೆಯೇ ಮನುಷ್ಯ ದಿನವಿಡೀ ನಡೆಯುತ್ತಾನೆ. ಕೊನೆಗೆ ಬೆರಳನ್ನು ತಿನ್ನುವುದು ಈ ಗಾಯ, ಈ ಸೋಂಕು. ಹಳೆಯ ಸಕ್ಕರೆ ಕಾಯಿಲೆಯವರ ಕಾಲಿನ ಹುಣ್ಣೂ ಎಷ್ಟೋ ಸಲ ಹೀಗೇ ಆಗುವುದು. ಬೆರಳನ್ನು ಕತ್ತರಿಸಬೇಕಾದ ಸ್ಥಿತಿ ಬರಬಹುದು, ನಿಜ. ಆದರೆ ಅದರಿಂದ ಪಾದಕ್ಕೆ ನೋವು ತಿಳಿಯುವ ಶಕ್ತಿ ವಾಪಸು ಬರುವುದಿಲ್ಲ. ಮುಂದಿನ ಹುಣ್ಣು ಪಕ್ಕದ ಬೆರಳಿಗೆ.

ಮೂರೂ ಕಡೆ ಸಮಾನವಾಗಿ ನನಗೆ ಕಾಣುವುದು ಇದೇ. ಏನೋ ಕೆಟ್ಟಿದೆ ಎಂಬ ಸುದ್ದಿ, ಅದನ್ನು ಸರಿಮಾಡಬಲ್ಲ ಜಾಗಕ್ಕೆ ಮುಟ್ಟುವುದಿಲ್ಲ.

ನಿಮ್ಮ ಇಲಾಖೆಯ ಕಥೆ ಓದುವಾಗ ನನಗೆ ನೆನಪಾದದ್ದು ಚಾಲೆಂಜರ್ ಬಾಹ್ಯಾಕಾಶ ನೌಕೆ. 1986ರ ಜನವರಿ 28ರಂದು ಮೇಲೇರಿದ 73 ಸೆಕೆಂಡಿಗೆ ಅದು ಒಡೆದುಹೋಯಿತು. ಒಳಗಿದ್ದ 7 ಜನರೂ ಸತ್ತರು. ಹಿಂದಿನ ರಾತ್ರಿಯೇ ರಾಕೆಟ್ ಕಂಪನಿಯ ಎಂಜಿನಿಯರುಗಳು ಬೇಡ ಅಂದಿದ್ದರು. ಇಷ್ಟು ಚಳಿಯಲ್ಲಿ ಜೋಡಣೆಯ ರಬ್ಬರ್ ಉಂಗುರಗಳು ಸರಿಯಾಗಿ ಮುಚ್ಚಿಕೊಳ್ಳುವುದಿಲ್ಲ ಎಂಬುದು ಅವರ ಭಯ. ಅವರ ಮಾತನ್ನು ಅವರದೇ ಕಂಪನಿಯ ಮೇಲಿನವರು ತಳ್ಳಿಹಾಕಿದರು. ಹಾರಿಸುವ ಕೊನೆಯ ತೀರ್ಮಾನ ತೆಗೆದುಕೊಂಡವರಿಗೆ ಈ ವಿರೋಧದ ವಿಷಯವೇ ಗೊತ್ತಿರಲಿಲ್ಲ ಅಂತ ಆಮೇಲೆ ತನಿಖಾ ಆಯೋಗ ಬರೆಯಿತು. ಇನ್ನೂ ಒಂದಿದೆ. ಮೊದಲಿನ ಹಾರಾಟಗಳಲ್ಲೂ ಆ ಉಂಗುರಗಳು ಸುಟ್ಟಿದ್ದವು. ಆಗ ಅನಾಹುತವಾಗಲಿಲ್ಲ. ಹಾಗಾಗಿ ಸುಟ್ಟ ಉಂಗುರ ಮಾಮೂಲಿಯಾಯಿತು. ಈ ಪ್ರಕರಣವನ್ನು ವರ್ಷಗಟ್ಟಲೆ ಅಧ್ಯಯನ ಮಾಡಿದ ಸಮಾಜಶಾಸ್ತ್ರಜ್ಞೆ ಡಯಾನ್ ವಾನ್‌ಗೆ ಅಲ್ಲಿ ದೊಡ್ಡ ಖಳನಾಯಕ ಯಾರೂ ಸಿಗಲಿಲ್ಲ. ಸಿಕ್ಕಿದ್ದು ನಿಯಮ ಪಾಲಿಸಿಕೊಂಡು ಹೋದ ಜನ, ದಿನದಿನವೂ ಸ್ವಲ್ಪ ಸ್ವಲ್ಪ ಒಗ್ಗಿಹೋದ ತಪ್ಪು. ಇಲ್ಲಿ ಯಾರನ್ನು ಕತ್ತರಿಸಿ ತೆಗೆಯುತ್ತೀರಿ?

ಇದರ ಉಲ್ಟಾ ಕಾಯಿಲೆಯೂ ಉಂಟು. ಟೈಪ್ 1 ಮಧುಮೇಹದಲ್ಲಿ ನಮ್ಮನ್ನು ಕಾಯಬೇಕಾದ ರೋಗನಿರೋಧಕ ವ್ಯವಸ್ಥೆಯೇ ಇನ್ಸುಲಿನ್ ತಯಾರಿಸುವ ಜೀವಕೋಶಗಳನ್ನು ಕೊಲ್ಲುತ್ತದೆ. ಕಚೇರಿಗಳಲ್ಲಿ ಒಂದು ಹಗರಣವಾದರೆ ಮೂರು ಹೊಸ ಫಾರಂ ಬರುತ್ತವಲ್ಲ, ಆ ಜಾತಿಯದು. ಕೆಲಸ ಸರಿಯಾಗಲಿ ಅಂತ ಮಾಡಿದ ನಿಯಮ ಕೊನೆಗೆ ಕೆಲಸಕ್ಕಿಂತ ದೊಡ್ಡದಾಗುತ್ತದೆ ಅಂತ ಸಮಾಜಶಾಸ್ತ್ರಜ್ಞ ರಾಬರ್ಟ್ ಮರ್ಟನ್ 1940ರಲ್ಲೇ ಬರೆದಿದ್ದರು. ನಿಮಗೆ ಇದನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ.

ಮನೆಯ ವಿಷಯಕ್ಕೆ ಬರುತ್ತೇನೆ. ಇಲ್ಲಿ ಹುಷಾರಾಗಿ ಮಾತಾಡಬೇಕು. ಅಮೆರಿಕದ ಮನೋವೈದ್ಯ ಮರ್ರೆ ಬೋವೆನ್ 1950ರ ದಶಕದಲ್ಲಿ ರೋಗಿಯ ಜೊತೆಗೆ ಇಡೀ ಕುಟುಂಬವನ್ನೇ ಆಸ್ಪತ್ರೆಯಲ್ಲಿ ಇರಿಸಿಕೊಂಡು ಗಮನಿಸಿದರು. ಇಬ್ಬರ ನಡುವೆ ಬಿಗುವು ಜಾಸ್ತಿಯಾದಾಗ ಅವರು ಮೂರನೆಯವರನ್ನು ಒಳಗೆ ಎಳೆದುಕೊಳ್ಳುತ್ತಾರೆ ಎಂಬುದು ಅವರ ಮುಖ್ಯ ಮಾತು. ಗಂಡ ಹೆಂಡತಿ ಮಾತು ಬಿಟ್ಟಿರುತ್ತಾರೆ, ಮಗುವಿನ ಮಾರ್ಕ್ಸ್ ಬಗ್ಗೆ ಮಾತ್ರ ಇಬ್ಬರೂ ಒಟ್ಟಿಗೆ ಕೂತು ಚಿಂತಿಸುತ್ತಾರೆ. ಆಗ ಮನೆಗೆ 'ಸಮಸ್ಯೆ' ಅಂದರೆ ಆ ಮಗು. ನಿಮ್ಮ ಮಗನ ಬಗ್ಗೆ ತೀರ್ಪು ಕೊಡುವ ಹಕ್ಕು ನನಗಿಲ್ಲ. ಆದರೆ "ಎಲ್ಲರೂ ಸೇರಿ ಬೈದೆವು" ಅಂತ ನೀವೇ ಬರೆದಿದ್ದೀರಿ. ಬೇರೆ ಯಾವ ವಿಷಯಕ್ಕೆ ನೀವೆಲ್ಲ ಹಾಗೆ ಸೇರುತ್ತಿದ್ದಿರಿ ಅಂತ ಒಮ್ಮೆ ಯೋಚಿಸಿ.

ಹುಷಾರು ಅಂದದ್ದು ಯಾಕೆಂದರೆ, ಇದೇ ದಾರಿಯಲ್ಲಿ ಹೋದ ಕೆಲವು ತಜ್ಞರು ದೊಡ್ಡ ಅನ್ಯಾಯ ಮಾಡಿದರು. ಮಕ್ಕಳಿಗೆ ಆಟಿಸಂ ಬರುವುದು ತಾಯಿಗೆ ಪ್ರೀತಿ ಕಮ್ಮಿಯಾಗಿದ್ದರಿಂದ ಅಂತ ಹಿಂದಿನ ಶತಮಾನದ ಮಧ್ಯದಲ್ಲಿ ಹೇಳಿಬಿಟ್ಟರು. ಅದು ಶುದ್ಧ ಸುಳ್ಳು. ಆಟಿಸಂನಲ್ಲಿ ವಂಶವಾಹಿಗಳ ಪಾಲು ದೊಡ್ಡದು. ಅಷ್ಟರಲ್ಲಿ ಎಷ್ಟೋ ತಾಯಂದಿರು ಸುಮ್ನೆ ಅಪರಾಧಿಗಳಾಗಿದ್ದರು. ಮಗನ ಬದಲು ತಾಯಿಯನ್ನು ಬೈದರೆ ಬೈಗುಳದ ವಿಳಾಸ ಬದಲಾಯಿತು, ಅಷ್ಟೇ ಅಲ್ವಾ?

ಹಾಗಾದರೆ ಕಚೇರಿ ಮತ್ತು ಮನೆ ಮೈಗೆ ತಟ್ಟುವುದೇ ಇಲ್ಲವೇ? ತಟ್ಟುತ್ತದೆ. ಮೂರೂ ಬರೀ ಒಂದೇ ಥರ ಕಾಣುವುದಲ್ಲ, ಒಂದಕ್ಕೊಂದು ಅಂಟಿಕೊಂಡೂ ಇವೆ. ಬ್ರಿಟನ್ನಿನ ಸರ್ಕಾರಿ ನೌಕರರ ಮೇಲೆ 1967ರಲ್ಲಿ ವೈಟ್‌ಹಾಲ್ ಅಧ್ಯಯನ ಶುರುವಾಯಿತು. ಅದರಲ್ಲಿದ್ದವರು ಸುಮಾರು 18,000 ಗಂಡಸರು. ಎಲ್ಲರಿಗೂ ಭದ್ರ ನೌಕರಿ, ಕೂತು ಮಾಡುವ ಕೆಲಸವೇ ಹೆಚ್ಚು. ಆದರೂ ತೀರಾ ಕೆಳದರ್ಜೆಯವರು ಹೃದಯದ ಕಾಯಿಲೆಯಿಂದ ಸಾಯುವ ಪ್ರಮಾಣ ಮೇಲ್ದರ್ಜೆಯವರ ಸುಮಾರು 3 ಪಟ್ಟು ಇತ್ತು. ಸಿಗರೇಟು, ಬಿ.ಪಿ., ಕೊಲೆಸ್ಟರಾಲ್ ಎಲ್ಲ ಲೆಕ್ಕ ಹಾಕಿದರೂ ಅಂತರ ಪೂರ್ತಿ ಮುಚ್ಚಲಿಲ್ಲ. 1985ರಲ್ಲಿ ಮೈಕಲ್ ಮಾರ್ಮಟ್ ನೇತೃತ್ವದಲ್ಲಿ ಎರಡನೇ ಅಧ್ಯಯನ ಆರಂಭವಾಯಿತು, ಈ ಸಲ ಹೆಂಗಸರೂ ಇದ್ದರು. ತಮ್ಮ ಕೆಲಸದ ಮೇಲೆ ತಮಗೇ ಹಿಡಿತವಿಲ್ಲದವರಲ್ಲಿ ಹೃದಯದ ತೊಂದರೆ ಜಾಸ್ತಿ ಅಂತ ಅದರಲ್ಲಿ ಕಂಡುಬಂತು. ಸಾಹೇಬರಿಗೇ ಟೆನ್ಷನ್ ಜಾಸ್ತಿ ಎಂಬ ಮಾತನ್ನು ನಾವು ಎಷ್ಟು ಸಲ ಕೇಳಿಲ್ಲ! ಟೇಬಲ್ಲಿನ ಈಚೆ ಕೂತವರ ಎದೆಯನ್ನು ಯಾರೂ ಕೇಳಿರಲಿಲ್ಲ.

ಮನೆಯ ಮೇಲೂ ಇಂಥ ಪರೀಕ್ಷೆ ನಡೆದಿದೆ. ಜಾನಿಸ್ ಕೀಕೋಲ್ಟ್-ಗ್ಲೇಸರ್ ಎಂಬ ವಿಜ್ಞಾನಿ 42 ಗಂಡ-ಹೆಂಡತಿ ಜೋಡಿಗಳ ತೋಳಿನ ಮೇಲೆ ಪುಟ್ಟ ಗುಳ್ಳೆಗಾಯ ಮಾಡಿ, ಅವರು ಮಾತಾಡುವ ರೀತಿಯನ್ನೂ ಗಾಯ ಮಾಯುವ ವೇಗವನ್ನೂ ಗಮನಿಸಿದರು. ಫಲಿತಾಂಶ 2005ರಲ್ಲಿ ಪ್ರಕಟವಾಯಿತು. ಹಗೆಯಿಂದ ಕಚ್ಚಾಡುವ ಜೋಡಿಗಳ ಗಾಯ ಮಾಯುವ ವೇಗ ಉಳಿದವರ ಶೇ. 60ರಷ್ಟೇ ಇತ್ತು. ಜಗಳವೇ ಆಡಬಾರದು ಅಂತ ಇದರ ಅರ್ಥವಲ್ಲ. ಭಿನ್ನಾಭಿಪ್ರಾಯದ ಮಾತು ಎಲ್ಲ ಜೋಡಿಗಳೂ ಆಡಿದ್ದರು. ಆಡಿದ ರೀತಿ ಬೇರೆಯಿತ್ತು.

ಇನ್ನು ಮಾತ್ರೆ. ದಯವಿಟ್ಟು ಬಿಡಬೇಡಿ. ಬಿ.ಪಿ.ಗೆ ವಯಸ್ಸು, ಉಪ್ಪು, ತೂಕ, ವಂಶ, ಮೂತ್ರಪಿಂಡ ಹೀಗೆ ಹತ್ತು ಕಾರಣಗಳಿರುತ್ತವೆ. ಕಚೇರಿಯ ಕಾಟ ಅದರಲ್ಲಿ ಒಂದಾಗಿದ್ದರೂ, ವರ್ಷಗಟ್ಟಲೆ ಬಿರುಸಾದ ರಕ್ತನಾಳ ನಿವೃತ್ತಿಯ ಆದೇಶ ನೋಡಿ ಮೆತ್ತಗಾಗುವುದಿಲ್ಲ. ಜೊತೆಗೆ, ಏರಿದ ಬಿ.ಪಿ. ಸಾಮಾನ್ಯವಾಗಿ ನೋಯುವುದಿಲ್ಲ, ಮೈಗೆ ಗೊತ್ತೇ ಆಗುವುದಿಲ್ಲ. "ಈಗ ಆರಾಮಾಗಿದ್ದೇನೆ" ಅಂತ ನೀವು ಬರೆದದ್ದನ್ನು ಅದಕ್ಕೇ ನಾನು ಸಾಕ್ಷಿಯಾಗಿ ತೆಗೆದುಕೊಳ್ಳಲಾರೆ. ಕೆಲವು ಮಾತ್ರೆಗಳನ್ನು ತಟ್ಟನೆ ನಿಲ್ಲಿಸಿದರೆ ಬಿ.ಪಿ. ಇನ್ನೂ ಮೇಲೇರುವುದೂ ಉಂಟು. ಮನೆಯಲ್ಲೇ ಯಂತ್ರ ಇಟ್ಟು ಬೆಳಿಗ್ಗೆ ಸಂಜೆ ಅಳೆಯಿರಿ. ಒಂದು ವಾರದ ಲೆಕ್ಕ ಬರೆದುಕೊಂಡು ಹೋಗಿ ನಿಮ್ಮ ಡಾಕ್ಟರಿಗೆ ತೋರಿಸಿ. ಕಮ್ಮಿ ಮಾಡಬಹುದಾದರೆ ಅವರೇ ಹೇಳುತ್ತಾರೆ.

- ಸಂಪಾದಕ