ಹಳೆಯ ಸ್ಪೋರ್ಟ್ಸ್ ಬೈಕನ್ನು ಕಡಿಮೆ ಖರ್ಚಿನಲ್ಲಿ ರೇಸ್‌ಗೆ ರೆಡಿ ಮಾಡುವುದು ಹೇಗೆ?

ನಿಮ್ಮ ಹತ್ತಿರ ಮೊದಲ ತಲೆಮಾರಿನ ಸುಜುಕಿ ಎಸ್‌ವಿ650ಎಸ್ ಇದೆ, ಹವ್ಯಾಸಿ ರೇಸ್‌ಗೆ ಇಳಿಯಬೇಕು ಅಂತ ಆಸೆ, ಕೈಯಲ್ಲಿ ದುಡ್ಡು ಜಾಸ್ತಿ ಇಲ್ಲ. ಸೈಲೆನ್ಸರ್ ಬದಲಿಸಿ ಕಾರ್ಬುರೇಟರ್‌ಗೆ ಬೇರೆ ಜೆಟ್ (ಪೆಟ್ರೋಲ್ ಹರಿಯುವ ಚಿಕ್ಕ ತೂತಿನ ಬಿಡಿಭಾಗ) ಹಾಕಿಸುವುದರಿಂದ ಶುರು ಮಾಡಲಾ ಎಂದು ಕೇಳಿದ್ದೀರಿ. ನನ್ನ ಉತ್ತರ: ಬೇಡ. ಪವರ್ ಜಾಸ್ತಿ ಮಾಡುವ ಯಾವ ಸಾಮಾನನ್ನೂ ಮೊದಲ ಸೀಸನ್‌ನಲ್ಲಿ ಕೊಳ್ಳಬೇಡಿ. ಆ ದುಡ್ಡು ಸಸ್ಪೆನ್ಷನ್‌ಗೆ, ಬ್ರೇಕ್‌ಗೆ, ಟಯರ್‌ಗೆ ಹೋಗಲಿ. ಉಳಿದದ್ದು ಟ್ರ್ಯಾಕ್‌ನಲ್ಲಿ ಓಡಿಸುವುದಕ್ಕೆ ಇರಲಿ.

ನಾನೂ ಇದೇ ಗಾಡಿ ರೇಸ್‌ಗೆ ಓಡಿಸುತ್ತೇನೆ, ಅದಕ್ಕೇ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

1999ರಲ್ಲಿ ಬಂದ ಬೈಕ್ ಇದು. 645 ಸಿಸಿ ವಿ-ಟ್ವಿನ್ (ಎರಡು ಸಿಲಿಂಡರ್ ವಿ ಆಕಾರದಲ್ಲಿರುವ) ಎಂಜಿನ್ ತುಂಬಾ ಗಟ್ಟಿ. ತಿರುವಿನಿಂದ ಹೊರಗೆ ಬರುವಾಗ ಚೆನ್ನಾಗಿ ಎಳೆಯುತ್ತದೆ, ಹೊಸಬರಿಗೆ ಹೆದರಿಸುವುದಿಲ್ಲ. ಅದಕ್ಕೆ ಬೇಕಾದದ್ದು ನೆಟ್ಟಗಿನ ಸರ್ವಿಸ್ ಅಷ್ಟೇ: ವಾಲ್ವ್ ಕ್ಲಿಯರೆನ್ಸ್ ನೋಡಿ, ಕಾರ್ಬುರೇಟರ್ ಬಿಚ್ಚಿ ಕ್ಲೀನ್ ಮಾಡಿ, ಎರಡೂ ಕಾರ್ಬುರೇಟರ್ ಒಂದೇ ಸಮ ತೆರೆಯುವಂತೆ ಸಿಂಕ್ ಮಾಡಿ, ಆಯಿಲ್ ಬದಲಿಸಿ. ಕಂಪನಿ ಕೈ ಬಿಗಿ ಹಿಡಿದಿರುವುದು ಸಸ್ಪೆನ್ಷನ್‌ನಲ್ಲಿ. ಮುಂದಿನ ಫೋರ್ಕ್ (ಚಕ್ರ ಹಿಡಿದಿರುವ ಎರಡು ಕಾಲು) ಹಳೆಯ ಡ್ಯಾಂಪಿಂಗ್ ರಾಡ್ ಮಾದರಿಯದ್ದು, ಸ್ಪ್ರಿಂಗ್‌ಗಳು ಮೆತ್ತಗೆ. ರೇಸ್ ವೇಗದಲ್ಲಿ ಬ್ರೇಕ್ ಹಿಡಿದರೆ ಮೂತಿ ಪೂರ್ತಿ ಕೆಳಗೆ ಹೋಗಿಬಿಡುತ್ತದೆ. ಆಮೇಲೆ ಚಕ್ರಕ್ಕೆ ರಸ್ತೆಯ ಉಬ್ಬು ತಗ್ಗು ನುಂಗಿಕೊಳ್ಳಲು ಜಾಗವೇ ಇರುವುದಿಲ್ಲ.

ಡ್ಯಾಂಪಿಂಗ್ ಅಂದರೆ ಸ್ಪ್ರಿಂಗ್ ಕುಣಿಯದಂತೆ ಆಯಿಲ್ ಕೊಡುವ ತಡೆ. ಡ್ಯಾಂಪಿಂಗ್ ರಾಡ್ ಫೋರ್ಕ್‌ನಲ್ಲಿ ಆಯಿಲ್ ಹೋಗುವುದು ಒಂದೇ ಅಳತೆಯ ತೂತುಗಳ ಮೂಲಕ. ಫೋರ್ಕ್ ನಿಧಾನವಾಗಿ ಇಳಿಯುವಾಗ ಆಯಿಲ್ ಸುಲಭವಾಗಿ ಹರಿಯುತ್ತದೆ, ತಡೆ ಸಾಲುವುದಿಲ್ಲ. ಚಕ್ರ ಚೂಪಾದ ಉಬ್ಬಿಗೆ ಹೊಡೆದಾಗ ಅದೇ ತೂತಿನಲ್ಲಿ ಆಯಿಲ್ ಸಿಕ್ಕಿಕೊಳ್ಳುತ್ತದೆ, ಕೈಗೆ ಗುದ್ದಿದ ಹಾಗಾಗುತ್ತದೆ. ಮಂದ ಆಯಿಲ್ ಹಾಕಿದರೆ ಮೊದಲನೆಯದು ಸ್ವಲ್ಪ ಸರಿಹೋಗುತ್ತದೆ, ಎರಡನೆಯದು ಇನ್ನೂ ಕೆಡುತ್ತದೆ. ಇದಕ್ಕೆ ಅಗ್ಗದ ಪರಿಹಾರ ಕಾರ್ಟ್ರಿಜ್ ಎಮ್ಯುಲೇಟರ್. ರಾಡ್‌ನ ಮೇಲೆ, ಸ್ಪ್ರಿಂಗ್‌ನ ಕೆಳಗೆ ಕೂರುವ ಚಿಕ್ಕ ವಾಲ್ವ್ ಅದು. ಒತ್ತಡ ಜಾಸ್ತಿಯಾದಾಗ ತಾನೇ ತೆರೆದುಕೊಳ್ಳುತ್ತದೆ. ಇದನ್ನು ಕೂರಿಸಲು ರಾಡ್‌ನ ತೂತುಗಳನ್ನು ಡ್ರಿಲ್ ಮಾಡಿ ದೊಡ್ಡದು ಮಾಡಬೇಕು. ಒಮ್ಮೆ ಮಾಡಿದರೆ ವಾಪಸ್ ಹೋಗುವ ಹಾಗಿಲ್ಲ, ಹಾಗಾಗಿ ಕೊಟ್ಟ ಅಳತೆ ಎರಡು ಸಲ ಓದಿ. ಜೊತೆಗೆ ನಿಮ್ಮ ತೂಕಕ್ಕೆ ಸರಿಯಾದ ಸ್ಪ್ರಿಂಗ್ ಹಾಕಿ. ತೂಕ ಅಂದರೆ ಹೆಲ್ಮೆಟ್, ಲೆದರ್ ಸೂಟ್, ಬೂಟು ಎಲ್ಲ ಸೇರಿ.

ಅದೇ ಕಂಪನಿಯ ಜಿಎಸ್‌ಎಕ್ಸ್-ಆರ್ ಬೈಕಿನ ಪೂರ್ತಿ ಮುಂಭಾಗ ತಂದು ಕೂರಿಸುವವರೂ ಇದ್ದಾರೆ. ಒಳ್ಳೆಯ ಕೆಲಸವೇ. ಆದರೆ ಫೋರ್ಕ್ ಜೊತೆ ಟ್ರಿಪಲ್ ಕ್ಲಾಂಪ್ (ಫೋರ್ಕನ್ನು ಗಾಡಿಗೆ ಹಿಡಿದಿಡುವ ಭಾಗ), ಚಕ್ರ, ಕ್ಯಾಲಿಪರ್, ಮಾಸ್ಟರ್ ಸಿಲಿಂಡರ್ ಅಂತ ಒಂದಕ್ಕೊಂದು ಸೇರಿ ಖರ್ಚು ಬೆಳೆಯುತ್ತದೆ. ಮೊದಲ ವರ್ಷಕ್ಕೆ ಎಮ್ಯುಲೇಟರ್ ಧಾರಾಳವಾಗಿ ಸಾಕು. ಹಿಂದಿನ ಶಾಕ್ ಅಬ್ಸಾರ್ಬರ್ ಮಾತ್ರ ಬದಲಿಸಲೇಬೇಕು. ಇಷ್ಟು ವರ್ಷ ಓಡಿದ ಮೂಲ ಶಾಕ್‌ನಲ್ಲಿ ಡ್ಯಾಂಪಿಂಗ್ ಉಳಿದಿರುವುದಿಲ್ಲ. ಬೇರೆ ಬೈಕಿನ ಸೆಕೆಂಡ್ ಹ್ಯಾಂಡ್ ಶಾಕ್ ಹಾಕುವುದಾದರೆ ಉದ್ದ ಮತ್ತು ಸ್ಪ್ರಿಂಗ್ ಗಡಸು ಎರಡನ್ನೂ ನೋಡಿ ತಗೊಳ್ಳಿ. ಶಾಕನ್ನು ಸ್ವಿಂಗ್ ಆರ್ಮ್‌ಗೆ (ಹಿಂದಿನ ಚಕ್ರ ಹಿಡಿದಿರುವ ತೋಳಿಗೆ) ಜೋಡಿಸುವ ಲಿಂಕೇಜ್ ಬೇರೆಯಾದರೆ ಅದೇ ಸ್ಪ್ರಿಂಗ್ ಬೇರೆ ಥರ ವರ್ತಿಸುತ್ತದೆ.

ಇನ್ನು ಖರ್ಚೇ ಇಲ್ಲದ ಕೆಲಸ: ಸ್ಯಾಗ್, ಅಂದರೆ ನೀವು ಕೂತಾಗ ಸಸ್ಪೆನ್ಷನ್ ಎಷ್ಟು ಕುಸಿಯುತ್ತದೆ ಅನ್ನುವುದನ್ನು ಅಳೆಯುವುದು. ಇಬ್ಬರು ಗೆಳೆಯರು, ಒಂದು ಟೇಪು ಇದ್ದರೆ ಆಯಿತು. ಮುಂದಿನ ಚಕ್ರ ನೆಲದಿಂದ ಮೇಲೆತ್ತಿ, ಫೋರ್ಕ್ ಪೂರ್ತಿ ಹೊರಗೆ ಬಂದಾಗ ಹೊಳೆಯುವ ಭಾಗದ ಉದ್ದ ಬರೆದುಕೊಳ್ಳಿ. ಆಮೇಲೆ ಹೆಲ್ಮೆಟ್, ಸೂಟು, ಬೂಟು ಎಲ್ಲ ಹಾಕಿಕೊಂಡು ಗಾಡಿ ಮೇಲೆ ಕೂತು, ರೇಸ್ ಭಂಗಿಗೆ ಬಗ್ಗಿ. ಒಬ್ಬರು ಗಾಡಿ ಹಿಡಿದುಕೊಳ್ಳಲಿ. ಇನ್ನೊಬ್ಬರು ಮುಂಭಾಗವನ್ನು ಕೆಳಗೆ ಒತ್ತಿ ನಿಧಾನವಾಗಿ ಬಿಟ್ಟು ಒಮ್ಮೆ, ಮೇಲೆತ್ತಿ ನಿಧಾನವಾಗಿ ಬಿಟ್ಟು ಇನ್ನೊಮ್ಮೆ ಅಳೆಯಲಿ. ಈ ಎರಡರ ಸರಾಸರಿಯನ್ನು ಮೊದಲಿನ ಉದ್ದದಿಂದ ಕಳೆದರೆ ಸ್ಯಾಗ್ ಸಿಗುತ್ತದೆ. ಮುಂದೆ ಸುಮಾರು 30ರಿಂದ 35 ಮಿಲಿಮೀಟರ್, ಹಿಂದೆ ಅದಕ್ಕಿಂತ ತುಸು ಕಡಿಮೆ ಬಂದರೆ ಶುರು ಮಾಡಲು ಸಾಕು. ಒತ್ತಿದಾಗಿನ ಅಳತೆಗೂ ಎತ್ತಿದಾಗಿನ ಅಳತೆಗೂ ತುಂಬಾ ವ್ಯತ್ಯಾಸ ಇದ್ದರೆ ಸೀಲ್, ಬುಶ್ ಎಲ್ಲೋ ಹಿಡಿಯುತ್ತಿದೆ ಅಂತ ಅರ್ಥ. ಆಗ ಆಕ್ಸಲ್ ಸಡಿಲ ಮಾಡಿ ಫೋರ್ಕ್ ಕಾಲುಗಳು ಒಂದಕ್ಕೊಂದು ನೇರ ಕೂತಿವೆಯಾ ನೋಡಿ.

ಫೋರ್ಕ್ ಕಾಲಿಗೆ ಒಂದು ಪ್ಲಾಸ್ಟಿಕ್ ಟೈ ಕಟ್ಟುವುದನ್ನು ಮರೆಯಬೇಡಿ. ಓಡಿಸಿ ಬಂದ ಮೇಲೆ ಅದು ಎಲ್ಲಿ ನಿಂತಿದೆ ಅನ್ನುವುದರಿಂದ ಫೋರ್ಕ್ ಎಷ್ಟು ಇಳಿಯಿತು ಗೊತ್ತಾಗುತ್ತದೆ. ಪೂರ್ತಿ ಕೊನೆಗೆ ಮುಟ್ಟುತ್ತಿದ್ದರೆ ಫೋರ್ಕ್‌ನ ಆಯಿಲ್ ಮಟ್ಟ ಸ್ವಲ್ಪ ಏರಿಸಿ ನೋಡಿ. ಒಳಗಿನ ಗಾಳಿ ಜಾಗ ಕಡಿಮೆಯಾಗಿ ಕೊನೆಯ ಭಾಗ ಗಟ್ಟಿಯಾಗುತ್ತದೆ.

ಬ್ರೇಕ್‌ಗೆ ಬರೋಣ. ಮೂಲ ಕ್ಯಾಲಿಪರ್‌ಗಳನ್ನು ಬಿಸಾಡಬೇಡಿ. ಪಿಸ್ಟನ್ ಹೊರಗೆ ತೆಗೆದು ಒರೆಸಿ, ಸೀಲ್ ಹೊಸದು ಹಾಕಿ, ಸ್ಲೈಡಿಂಗ್ ಪಿನ್‌ಗೆ ಗ್ರೀಸ್ ಹಚ್ಚಿ, ಒಳ್ಳೆಯ ಪ್ಯಾಡ್ ಕೂರಿಸಿ. ರಬ್ಬರ್ ಹೋಸ್‌ಗಳನ್ನು ಮಾತ್ರ ತೆಗೆದೇ ಹಾಕಿ. ಇಷ್ಟು ಹಳೆಯ ಹೋಸ್ ಒತ್ತಡಕ್ಕೆ ಬಲೂನಿನ ಹಾಗೆ ಉಬ್ಬುತ್ತದೆ, ಲಿವರ್ ಮೆತ್ತಗಾಗುತ್ತದೆ. ಸ್ಟೀಲ್ ಹೆಣಿಗೆಯ ಹೋಸ್ ಹಾಕಿದರೆ ಮೊದಲ ಲ್ಯಾಪ್‌ನಲ್ಲೇ ವ್ಯತ್ಯಾಸ ಗೊತ್ತಾಗುತ್ತದೆ. ಬ್ರೇಕ್ ಫ್ಲೂಯಿಡ್ ಗಾಳಿಯ ತೇವ ಹೀರಿಕೊಳ್ಳುತ್ತದೆ. ಡಾಟ್ 4 ದರ್ಜೆಯ ಫ್ಲೂಯಿಡ್ ಹೊಸದಾಗಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ತನಕ ಕುದಿಯಬಾರದು ಅಂತ ನಿಯಮ, ತೇವ ಹಿಡಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ಅದಕ್ಕೇ ರೇಸ್‌ಗೆ ಮುಂಚೆ ಹೊಸ ಡಬ್ಬಿಯೇ ಒಡೆಯಬೇಕು.

ಟಯರ್‌ನ ಬದಿಯಲ್ಲಿ ನಾಲ್ಕು ಅಂಕಿ ಇರುತ್ತವೆ. 2319 ಅಂದರೆ 2019ರ 23ನೇ ವಾರ ತಯಾರಾದದ್ದು. ಟ್ರೆಡ್ (ಟಯರ್ ಮೇಲಿನ ಗೀರು) ಎಷ್ಟೇ ಉಳಿದಿರಲಿ, ಹಳೆಯ ಗಟ್ಟಿ ರಬ್ಬರ್ ನಂಬಬೇಡಿ. ವೇಗದ ರೇಸರ್‌ಗಳು ಬಳಸಿ ಬಿಟ್ಟ ಸ್ಲಿಕ್ (ಗೀರಿಲ್ಲದ ರೇಸ್ ಟಯರ್) ಅಗ್ಗಕ್ಕೆ ಸಿಗುತ್ತದೆ ನಿಜ, ಆದರೆ ಟಯರನ್ನು ಮೊದಲೇ ಬಿಸಿ ಮಾಡುವ ವಾರ್ಮರ್ ಇಲ್ಲದೆ ಸ್ಲಿಕ್ ಹಾಕುವುದು ಅಪಾಯ. ಅದು ಬಿಸಿಯಾಗುವ ಮೊದಲೇ ನೀವು ಬಿದ್ದಿರುತ್ತೀರಿ. ರಸ್ತೆಗೂ ಟ್ರ್ಯಾಕ್‌ಗೂ ಆಗುವ ಸ್ಪೋರ್ಟ್ಸ್ ಟಯರ್ ಬೇಗ ಬಿಸಿಯಾಗುತ್ತದೆ, ಕಲಿಯುವವರಿಗೆ ಅದೇ ಸರಿ. ಒಂದು ಒಳ್ಳೆಯ ಗೇಜ್ ಕೊಂಡು, ಟ್ರ್ಯಾಕ್‌ನಿಂದ ಬಂದ ಕೂಡಲೇ ಬಿಸಿ ಪ್ರೆಶರ್ ನೋಡಿ ಬರೆದಿಡಿ.

ಗಾಡಿ ಬಿಚ್ಚಿದಾಗ ಸ್ಟೀರಿಂಗ್, ಸ್ವಿಂಗ್ ಆರ್ಮ್, ಚಕ್ರ ಮೂರರ ಬೇರಿಂಗ್‌ಗಳನ್ನೂ ನೋಡಿಬಿಡಿ. ಹ್ಯಾಂಡಲ್ ಮಧ್ಯಕ್ಕೆ ಬಂದಾಗ ಕಚ್ಚಿದ ಹಾಗೆ ನಿಂತರೆ ಸ್ಟೀರಿಂಗ್ ಬೇರಿಂಗ್ ಹೋಗಿದೆ.

ಸಾಮಾನು ಕೊಳ್ಳುವ ಮೊದಲು ನೀವು ಇಳಿಯುವ ಕ್ಲಾಸ್‌ನ (ರೇಸ್ ವಿಭಾಗದ) ರೂಲ್ ಪುಸ್ತಕ ಓದಿ. ಕೆಲವು ಬದಲಾವಣೆ ಮಾಡಿದರೆ ಗಾಡಿ ಮೇಲಿನ ಕ್ಲಾಸ್‌ಗೆ ಹೋಗಿಬಿಡುತ್ತದೆ, ಆಗ ಸುಮ್ನೆ ಕಷ್ಟ ಅಲ್ವಾ? ಆಯಿಲ್ ಡ್ರೇನ್ ಬೋಲ್ಟ್, ಫಿಲ್ಟರ್, ಫಿಲ್ಲರ್ ಕ್ಯಾಪ್‌ಗಳಿಗೆ ಸಡಿಲವಾಗದಂತೆ ತಂತಿ (ಸೇಫ್ಟಿ ವೈರ್) ಕಟ್ಟಬೇಕು ಅನ್ನುವುದು ಸಾಮಾನ್ಯ ನಿಯಮ. ವೈರ್ ಬೋಲ್ಟನ್ನು ಬಿಗಿಯುವ ದಿಕ್ಕಿಗೇ ಎಳೆಯುವಂತೆ ಕಟ್ಟಿ. ಬೋಲ್ಟ್ ತಲೆಗೆ ತೂತು ಹೊಡೆಯುವಾಗ ಚಿಕ್ಕ ಬಿಟ್ ಟಪ್ ಅಂತ ಮುರಿಯುತ್ತದೆ, ಆಯಿಲ್ ಬಿಡುತ್ತಾ ನಿಧಾನವಾಗಿ ಹೋಗಿ. ಗ್ಲೈಕಾಲ್ ಇರುವ ಕೂಲಂಟನ್ನು ಬಹಳ ಕಡೆ ಬಿಡುವುದಿಲ್ಲ. ಟ್ರ್ಯಾಕ್ ಮೇಲೆ ಚೆಲ್ಲಿದರೆ ಹಿಂದಿನವರು ಜಾರುತ್ತಾರೆ, ಒಣಗುವುದೂ ಇಲ್ಲ. ಡಿಸ್ಟಿಲ್ಡ್ ನೀರು ಹಾಕಿ. ಕನ್ನಡಿ, ಇಂಡಿಕೇಟರ್, ಸ್ಟ್ಯಾಂಡ್, ಹಿಂದಿನ ಫುಟ್‌ರೆಸ್ಟ್ ತೆಗೆದರೆ ತೂಕ ಪುಕ್ಕಟೆ ಇಳಿಯುತ್ತದೆ. ಸೈಡ್ ಸ್ಟ್ಯಾಂಡ್ ಸ್ವಿಚ್ಚಿನ ವೈರ್ ಸರಿಯಾಗಿ ಬೈಪಾಸ್ ಮಾಡದಿದ್ದರೆ ಗೇರ್ ಹಾಕಿದ ತಕ್ಷಣ ಎಂಜಿನ್ ಆಫ್ ಆಗುತ್ತದೆ, ನೆನಪಿರಲಿ.

ಪಿಕಪ್ ಬೇಕೇ ಬೇಕು ಅನಿಸಿದರೆ ಚೈನ್ ಓಡುವ ಹಲ್ಲುಚಕ್ರ, ಅಂದರೆ ಸ್ಪ್ರಾಕೆಟ್ ಬದಲಿಸಿ. ಮುಂದೆ 15 ಹಲ್ಲಿನ ಬದಲು 14ರದ್ದು ಹಾಕಿದರೆ, ಹಿಂದೆ 44 ಇದ್ದದ್ದನ್ನು 47 ಮಾಡಿದಷ್ಟೇ ಪರಿಣಾಮ. ಸೈಲೆನ್ಸರ್‌ಗಿಂತ ಎಷ್ಟೋ ಅಗ್ಗ.

ಹೆಲ್ಮೆಟ್ ಸೆಕೆಂಡ್ ಹ್ಯಾಂಡ್ ಬೇಡವೇ ಬೇಡ. ಬ್ಯಾಕ್ ಪ್ರೊಟೆಕ್ಟರ್‌ನಲ್ಲಿ ಉಳಿತಾಯ ಮಾಡಬೇಡಿ. ಬ್ರೇಕ್ ಲಿವರ್, ಕ್ಲಚ್ ಲಿವರ್, ಗೇರ್ ಲಿವರ್, ಒಂದು ಜೊತೆ ಫುಟ್‌ಪೆಗ್ ಡಬ್ಬಿಯಲ್ಲಿ ಇಟ್ಟುಕೊಳ್ಳಿ. ಚಿಕ್ಕದಾಗಿ ಬಿದ್ದರೂ ಇವೇ ಮೊದಲು ಮುರಿಯುವುದು, ಇವಿಲ್ಲದಿದ್ದರೆ ಆ ದಿನ ಅಲ್ಲಿಗೇ ಮುಗಿಯುತ್ತದೆ.

ಹೆಲ್ಮೆಟ್, ಸೂಟು, ಬೂಟು ಸಮೇತ ನಿಮ್ಮ ತೂಕ ಎಷ್ಟು, ಯಾವ ಕ್ಲಾಸ್‌ನಲ್ಲಿ ಓಡಿಸುತ್ತೀರಿ, ಈಗ ಫೋರ್ಕ್‌ನಲ್ಲಿ ಸ್ಯಾಗ್ ಎಷ್ಟಿದೆ ಅಂತ ಬರೆಯಿರಿ. ಯಾವ ಸ್ಪ್ರಿಂಗ್ ತಗೊಳ್ಳಬಹುದು ಅಂತ ನೋಡಿ ಹೇಳುತ್ತೇನೆ.