ಓದುಗರ ಪ್ರಶ್ನೆ: ಮೈಂಡ್ ಮ್ಯಾಪ್ ಬರೆದೆ, ಮಾತು ಬರಲಿಲ್ಲ

ಪ್ರಶ್ನೆ: ಮೇಡಂ, ನಾನು ಕೋಲಾರದಲ್ಲಿ ಎಂ.ಎ. ಓದುತ್ತಿದ್ದೇನೆ. 'ನಮ್ಮ ಜಿಲ್ಲೆಯ ಕೆರೆಗಳು' ಅಂತ ಹದಿನೈದು ನಿಮಿಷದ ಸೆಮಿನಾರ್ ಕೊಡಬೇಕು. ಹೋದ ಸಲ ಬೇರೆ ವಿಷಯಕ್ಕೆ ಒಂಬತ್ತು ಪುಟ ಬರೆದು ಬಾಯಿಪಾಠ ಮಾಡಿದ್ದೆ. ಮೂರನೇ ಪುಟದಲ್ಲಿ ಒಂದು ಸಾಲು ಮರೆತು ಹಾಗೇ ನಿಂತುಬಿಟ್ಟೆ. ಈ ಸಲ ಗೆಳತಿ ಹೇಳಿದಳು ಅಂತ ಮೈಂಡ್ ಮ್ಯಾಪ್ ಬರೆದಿದ್ದೇನೆ. ನಡುವೆ ಕೆರೆ, ಸುತ್ತ ಹನ್ನೊಂದು ಕೊಂಬೆ, ಐದು ಬಣ್ಣ. ನೋಡೋಕೆ ಚೆನ್ನಾಗಿದೆ, ಆದರೆ ಅದನ್ನು ಹಿಡಿದು ನಿಂತರೆ ಒಂದು ವಾಕ್ಯವೂ ಬಾಯಿಗೆ ಬರುತ್ತಿಲ್ಲ. ಫೋಟೋ ಕಳಿಸಿದ್ದೇನೆ, ಎಲ್ಲಿ ತಪ್ಪಿದೆ ಹೇಳಿ.
– ಓದುಗಿ, ಕೋಲಾರ

ಉತ್ತರ: ಫೋಟೋ ಎರಡು ಸಲ ನೋಡಿದೆ. ತಪ್ಪೇನೂ ಮಾಡಿಲ್ಲ, ಅರ್ಧಕ್ಕೆ ನಿಲ್ಲಿಸಿದ್ದೀರಿ ಅಷ್ಟೇ.

ನಿಮ್ಮ ಹನ್ನೊಂದು ಕೊಂಬೆ ಇವು: ಮಳೆ, ಏರಿ, ತೂಬು (ಕೆರೆಯಿಂದ ಗದ್ದೆಗೆ ನೀರು ಬಿಡುವ ಬಾಗಿಲು), ಕೋಡಿ, ಅಚ್ಚುಕಟ್ಟು, ನೀರುಗಂಟಿ (ಗದ್ದೆಗಳಿಗೆ ನೀರು ಹಂಚುವವ), ಹೂಳು, ಒತ್ತುವರಿ, ನೀಲಗಿರಿ, ಕೊಳವೆಬಾವಿ, ಕೆ.ಸಿ. ವ್ಯಾಲಿ (ಬೆಂಗಳೂರಿನ ಕೊಳಚೆ ನೀರನ್ನು ಶುದ್ಧ ಮಾಡಿ ನಮ್ಮ ಕೆರೆಗಳಿಗೆ ತರುವ ಯೋಜನೆ). ಒಂದು ಕೊಂಬೆಗೆ ಒಂದೇ ಪದ, ಹಾಳೆ ಅಡ್ಡಕ್ಕೆ, ನಡುವೆ ಚಿತ್ರ, ಬಣ್ಣ ಬೇರೆ ಬೇರೆ. ಬ್ರಿಟನ್ನಿನ ಟೋನಿ ಬುಜಾನ್ 1974ರಲ್ಲಿ ಬಿಬಿಸಿ ಟಿವಿ ಸರಣಿಯ ಮೂಲಕ ಈ ಪದ್ಧತಿಯನ್ನು ಜನರಿಗೆ ಹತ್ತಿರ ಮಾಡಿದರು, ಅವರು ಹೇಳಿದ್ದನ್ನೆಲ್ಲ ನೀವು ಪಾಲಿಸಿದ್ದೀರಿ. ಆದರೆ ನಿಮ್ಮ ಹಾಳೆಯಲ್ಲಿ ಇರುವುದು ಬರೀ ಹೆಸರುಗಳು. ಯಾರು ಏನು ಮಾಡಿದರು, ಏನಾಯಿತು ಅನ್ನುವುದು ಎಲ್ಲೂ ಇಲ್ಲ. ನಮ್ಮ ಕನ್ನಡದಲ್ಲಿ ಮಾತು ಕೂರುವುದೇ ಕ್ರಿಯಾಪದದಲ್ಲಿ, ಅಲ್ವಾ? 'ತೂಬು' ಅಂತ ನೋಡಿದರೆ ತೂಬು ಕಣ್ಣಿಗೆ ಬರುತ್ತದೆ, ಮಾತು ಬರುವುದಿಲ್ಲ. 'ತೂಬು ಎತ್ತಿದರು' ಅಂತ ಇದ್ದರೆ ಯಾರು ಎತ್ತಿದರು, ಯಾವಾಗ, ಯಾರ ಗದ್ದೆಗೆ ಮೊದಲು ಅಂತ ಮಾತು ತಾನಾಗಿ ಎದ್ದು ಬರುತ್ತದೆ.

ಈಗ ಎರಡನೇ ಹಾಳೆ ತೆಗೆದುಕೊಳ್ಳಿ. ಹನ್ನೊಂದು ಕೊಂಬೆ ತಲೆಯಲ್ಲಿ ನಿಲ್ಲುವುದಿಲ್ಲ. ಒಂದೇ ಹೊತ್ತಿಗೆ ನಾವು ಮನಸ್ಸಿನಲ್ಲಿ ಹಿಡಿದುಕೊಳ್ಳುವುದು ಏಳು ಸಂಗತಿ, ಒಂದೆರಡು ಆಚೀಚೆ ಅಂತ ಮನಶ್ಶಾಸ್ತ್ರಜ್ಞ ಜಾರ್ಜ್ ಮಿಲ್ಲರ್ 1956ರಲ್ಲಿ ಬರೆದರು. 2001ರಲ್ಲಿ ಇನ್ನೊಬ್ಬ ಮನಶ್ಶಾಸ್ತ್ರಜ್ಞ ನೆಲ್ಸನ್ ಕೋವನ್ ಅದನ್ನು ಸುಮಾರು ನಾಲ್ಕಕ್ಕೆ ಇಳಿಸಿದರು. ನಾನು ನಾಲ್ಕನ್ನೇ ನಂಬುತ್ತೇನೆ, ಮಾತಾಡಲು ನಿಂತಾಗ ಎದೆ ಬೇರೆ ಹೊಡೆದುಕೊಳ್ಳುತ್ತಿರುತ್ತದಲ್ಲ. ನಿಮ್ಮ ಹನ್ನೊಂದನ್ನು ಗುಂಪು ಮಾಡಿ, ಪ್ರತಿ ಗುಂಪಿಗೂ ಒಂದು ಕ್ರಿಯಾಪದದ ಹೆಸರಿಡಿ. ಏರಿ, ತೂಬು, ಕೋಡಿ ಸೇರಿದರೆ 'ಕಟ್ಟಿದರು'. ನೀರುಗಂಟಿ, ಅಚ್ಚುಕಟ್ಟು ಸೇರಿದರೆ 'ಹಂಚಿದರು'. ಹೂಳು, ಒತ್ತುವರಿ, ನೀಲಗಿರಿ, ಕೊಳವೆಬಾವಿ ಎಲ್ಲ ಸೇರಿ 'ಬತ್ತಿತು'. ಕೆ.ಸಿ. ವ್ಯಾಲಿ 'ತುಂಬಿಸುತ್ತಿದ್ದಾರೆ'. ಕಟ್ಟಿದರು, ಹಂಚಿದರು, ಬತ್ತಿತು, ತುಂಬಿಸುತ್ತಿದ್ದಾರೆ: ನೋಡಿ, ನಿಮ್ಮ ಸೆಮಿನಾರ್ ಮುಕ್ಕಾಲು ಪಾಲು ಇಲ್ಲೇ ಇದೆ. ಮಳೆ ಹೊರಗೆ ಉಳಿಯಿತು, ಅದನ್ನು ಶುರುವಿಗೆ ಇಟ್ಟುಕೊಳ್ಳಿ. ವರ್ಷವಿಡೀ ಹರಿಯುವ ನದಿ ಇಲ್ಲದ ಜಿಲ್ಲೆ ನಮ್ಮದು, ಬಿದ್ದ ಮಳೆಯನ್ನು ಹಿಡಿದಿಡದೆ ಬೇರೆ ದಾರಿಯೇ ಇರಲಿಲ್ಲ ಅನ್ನುವ ಒಂದು ಮಾತು ಸಾಕು.

ಇನ್ನೊಂದು ಕೆಲಸ ಇದೆ, ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುವುದು ಇದೇ. ಒಂದು ಕೊಂಬೆಯಿಂದ ಇನ್ನೊಂದು ಕೊಂಬೆಗೆ ಅಡ್ಡ ಗೆರೆ ಎಳೆಯಿರಿ, ಆ ಗೆರೆಯ ಮೇಲೂ ಪದ ಬರೆಯಿರಿ. ಇದು ಬುಜಾನ್ ಅವರದ್ದಲ್ಲ, ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಜೋಸೆಫ್ ನೋವಾಕ್ ಅವರ ತಂಡ 1970ರ ದಶಕದಲ್ಲಿ ಬೆಳೆಸಿದ ಕಾನ್ಸೆಪ್ಟ್ ಮ್ಯಾಪ್‌ನಿಂದ ತೆಗೆದುಕೊಂಡದ್ದು. ನಿಮ್ಮ ಹಾಳೆಯಲ್ಲಿ ಕೆ.ಸಿ. ವ್ಯಾಲಿಯಿಂದ ಕೊಳವೆಬಾವಿಗೆ ಒಂದು ಗೆರೆ ಎಳೆದು 'ಇಂಗುತ್ತದೆ' ಅಂತ ಬರೆಯಿರಿ. ಬೆಂಗಳೂರಿನ ಕೊಳಚೆ ನೀರನ್ನು ಎರಡು ಹಂತ ಶುದ್ಧ ಮಾಡಿ 2018ರಿಂದ ನಮ್ಮ ಕೆರೆಗಳಿಗೆ ಬಿಡುತ್ತಿದ್ದಾರೆ, ಮೊದಲು ನೀರು ಬಂದದ್ದು ಲಕ್ಷ್ಮೀಸಾಗರ ಕೆರೆಗೆ. ಉದ್ದೇಶ ಅಂತರ್ಜಲ ಏರಲಿ ಅಂತ. ಅಂದರೆ ಕೆರೆಗೆ ಬಿಟ್ಟ ನೀರು ಇಂಗಿ ಕೊನೆಗೆ ಬರುವುದು ನಮ್ಮ ಕೊಳವೆಬಾವಿಗೇ. ಒಣಗಿದ ಬಾವಿಯಲ್ಲಿ ಮತ್ತೆ ನೀರು ಕಂಡ ರೈತರ ಸಂತೋಷವೂ, ಮೂರನೇ ಹಂತದ ಶುದ್ಧೀಕರಣ ಬೇಕೇ ಬೇಕು ಅನ್ನುವ ಹೋರಾಟವೂ ಆ ಒಂದೇ ಗೆರೆಯ ಮೇಲೆ ನಿಂತಿವೆ. ಬೇರೆಲ್ಲ ವಿಷಯ ಪುಸ್ತಕದಲ್ಲೂ ಸಿಗುತ್ತದೆ. ಆ ಗೆರೆ ಎಳೆದವರು ಮಾತ್ರ ನೀವು, ನಿಮ್ಮ ಮೇಷ್ಟ್ರು ಪ್ರಶ್ನೆ ಕೇಳುವುದೂ ಅಲ್ಲೇ. ಅದನ್ನು ಚೆನ್ನಾಗಿ ಓದಿಕೊಂಡು ಹೋಗಿ.

ಅಂಕಿ ಅಂಶದ ಬಗ್ಗೆ ಒಂದು ಮಾತು. ಚಿಕ್ಕಬಳ್ಳಾಪುರ ಬೇರೆ ಜಿಲ್ಲೆಯಾದದ್ದು 2007ರಲ್ಲಿ. ಅದಕ್ಕೆ ಮುಂಚಿನ ಪುಸ್ತಕದಲ್ಲಿ 'ಕೋಲಾರ ಜಿಲ್ಲೆಯ ಕೆರೆ' ಅಂದರೆ ಎರಡೂ ಸೇರಿರುತ್ತವೆ. ಹಳೆಯ ಅಂಕಿ ಹೊಸ ಅಂಕಿ ಬೆರೆಸಿ 'ಕೆರೆಗಳು ಅರ್ಧ ಮಾಯವಾದವು' ಅಂತ ಹೇಳಿಬಿಡಬೇಡಿ.

ಇನ್ನು ಕೊಂಬೆಗಳಿಗೆ ಒಂದು, ಎರಡು, ಮೂರು, ನಾಲ್ಕು ಅಂತ ನಂಬರ್ ಹಾಕಿ. ಒಂದೊಂದಕ್ಕೆ ಮೂರು ನಿಮಿಷ, ಹನ್ನೆರಡಾಯಿತು. ಶುರುವಿಗೆ ಒಂದು, ಕೊನೆಗೆ ಎರಡು. ಅಭ್ಯಾಸ ಮಾಡುವಾಗ ಬೇಕಂತಲೇ ಮೂರನೇ ಕೊಂಬೆಯಿಂದ ಶುರು ಮಾಡಿ ನೋಡಿ. ಬಾಯಿಪಾಠದಲ್ಲಿ ಅದು ಆಗುವುದಿಲ್ಲ, ಅಲ್ಲಿ ಒಂದು ವಾಕ್ಯ ಜಾರಿದರೆ ಅದನ್ನು ಹಿಡಿದುಕೊಂಡಿದ್ದ ವಾಕ್ಯವೆಲ್ಲ ಜಾರುತ್ತದೆ. ಇಲ್ಲಿ ಎಲ್ಲಿಂದ ಬೇಕಾದರೂ ಹತ್ತಬಹುದು. ಅಷ್ಟು ಬಂತು ಅಂದರೆ ನೀವು ತಯಾರು.

ಪೂರ್ತಿ ಮ್ಯಾಪನ್ನು ಪ್ರೊಜೆಕ್ಟರ್ ಮೇಲೆ ಒಟ್ಟಿಗೆ ಹಾಕಬೇಡಿ. ಎಲ್ಲರೂ ಓದಲು ಶುರು ಮಾಡುತ್ತಾರೆ, ನಿಮ್ಮ ಮಾತು ಯಾರಿಗೂ ಕೇಳುವುದಿಲ್ಲ. ಕರಿಹಲಗೆ ಇದ್ದರೆ ನಡುವೆ ಕೆರೆ ಬರೆದು, ಮಾತಾಡುತ್ತಾ ಆಡುತ್ತಾ ಒಂದೊಂದೇ ಕೊಂಬೆ ಎಳೆಯಿರಿ. ಒಮ್ಮೆ ಒಂದು ತರಬೇತಿಯಲ್ಲಿ ನಾನು ಮೂವತ್ತು ಸ್ಲೈಡ್ ತಂದಿದ್ದೆ, ಹತ್ತು ನಿಮಿಷಕ್ಕೆ ಕರೆಂಟ್ ಹೋಯಿತು. ಬ್ಯಾಗಿನಲ್ಲಿ ಮಡಿಚಿಟ್ಟಿದ್ದ ಮ್ಯಾಪ್ ತೆಗೆದು ಸೀಮೆಸುಣ್ಣ ಹಿಡಿದು ಮುಂದುವರಿಸಿದೆ. ಅವತ್ತು ಜನ ನನ್ನ ಕೈಯನ್ನೇ ನೋಡುತ್ತಿದ್ದರು, ಯಾವ ಗೆರೆ ಎಲ್ಲಿಗೆ ಹೋಗುತ್ತದೆ ಅಂತ. ಆಮೇಲೆ ಸ್ಲೈಡ್ ಕಡಿಮೆ ಮಾಡಿಬಿಟ್ಟೆ.

ಪ್ರಶ್ನೆ: ಅಕ್ಕಾ, ನಾನು ಓದಿರುವುದು ಏಳನೇ ಕ್ಲಾಸು. ರೇಷ್ಮೆ ಸಾಕುತ್ತೇವೆ. ಸಂಘದ ಪರವಾಗಿ ತಾಲ್ಲೂಕು ಸಭೆಯಲ್ಲಿ ಐದು ನಿಮಿಷ ಮಾತಾಡಿ ಅಂದಿದ್ದಾರೆ. ಬರೆದುಕೊಂಡು ಹೋದರೆ ಓದಲು ತಡವರಿಸುತ್ತೇನೆ. ನಿಮ್ಮ ಮ್ಯಾಪು ನನ್ನಂಥವರಿಗೂ ಆಗುತ್ತಾ?
– ಓದುಗಿ, ಶಿಡ್ಲಘಟ್ಟ ತಾಲ್ಲೂಕು

ಉತ್ತರ: ನಿಮಗೆ ಇನ್ನೂ ಚೆನ್ನಾಗಿ ಆಗುತ್ತದೆ ತಾಯಿ, ಅಕ್ಷರವೇ ಬೇಡ. ಹಾಳೆಯ ನಡುವೆ ಒಂದು ಗೂಡು ಬರೆಯಿರಿ. ಒಂದು ಕಡೆ ಹಿಪ್ಪುನೇರಳೆ ಸೊಪ್ಪು, ಒಂದು ಕಡೆ ಹುಳ, ಒಂದು ಕಡೆ ಹುಳ ಗೂಡು ಕಟ್ಟುವ ಚಂದ್ರಿಕೆ, ಇನ್ನೊಂದು ಕಡೆ ಮಾರ್ಕೆಟ್ಟಿನ ತಕ್ಕಡಿ. ಹುಳದ ಪಕ್ಕ ನಾಲ್ಕು ಚುಕ್ಕಿ ಇಡಿ. ನಾಲ್ಕು ಜ್ವರ, ಅಂದರೆ ಹುಳ ಮೇಯುವುದು ಬಿಟ್ಟು ಪೊರೆ ಕಳಚುವ ನಾಲ್ಕು ಹಂತ, ಅಂತ ನಿಮಗೆ ಹೇಳಿಕೊಡಬೇಕಾಗಿಲ್ಲ, ಆದರೆ ಸಭೆಯಲ್ಲಿ ಕೂತವರಿಗೆ ಗೊತ್ತಿರುವುದಿಲ್ಲ. ನಾಲ್ಕನೇ ಜ್ವರ ಎದ್ದ ಮೇಲೆ ಹುಳ ಹೇಗೆ ಮೇಯುತ್ತದೆ, ಮನೆಯಲ್ಲಿ ಮಳೆ ಬಿದ್ದ ಹಾಗೆ ಸದ್ದು ಬರುತ್ತದಲ್ಲ, ಆ ದಿನಗಳಲ್ಲಿ ಸೊಪ್ಪು ಸಾಲದೆ ಹೋದರೆ ಏನಾಗುತ್ತದೆ ಅನ್ನುವುದನ್ನು ನೀವು ಮನೆಯಲ್ಲಿ ಹೇಳುವ ಹಾಗೇ ಹೇಳಿ. ಯಾವ ಚಿತ್ರದ ಹತ್ತಿರ ನಿಮ್ಮ ಕಷ್ಟ ಇದೆಯೋ ಅದಕ್ಕೆ ಸುತ್ತು ಹಾಕಿಟ್ಟುಕೊಳ್ಳಿ, ಕೊನೆಗೆ ಅಲ್ಲಿಗೆ ಬಂದು ಏನು ಬೇಕು ಅಂತ ಒಂದೇ ಬೇಡಿಕೆ ಇಡಿ. ಐದು ನಿಮಿಷಕ್ಕೆ ಐದು ಬೇಡಿಕೆ ಇಟ್ಟರೆ ಒಂದನ್ನೂ ಬರೆದುಕೊಳ್ಳುವುದಿಲ್ಲ.

ಹಾಳೆ ಕೈಯಲ್ಲಿ ಹಿಡಿಯಲು ಸಂಕೋಚವಾದರೆ ಬೆರಳುಗಳಿವೆ. ಹೆಬ್ಬೆರಳು ಸೊಪ್ಪು, ಪಕ್ಕದ್ದು ಹುಳ, ಹೀಗೆ. ಕಿರುಬೆರಳು ಬೇಡಿಕೆ. ಎರಡು ದಿನ ಸೊಪ್ಪು ಕೊಯ್ಯುವಾಗ ಜೋರಾಗಿ ಹೇಳಿಕೊಳ್ಳಿ.

ಪ್ರಶ್ನೆ: ನಾನು ಹೈಸ್ಕೂಲ್ ಶಿಕ್ಷಕ. ಮಕ್ಕಳಿಗೆ ಮೈಂಡ್ ಮ್ಯಾಪ್ ಹೇಳಿಕೊಡಲು ಯಾವ ಸಾಫ್ಟ್‌ವೇರ್ ಒಳ್ಳೆಯದು? ಕನ್ನಡ ಟೈಪ್ ಆಗುತ್ತದೆಯೇ?
– ಓದುಗ, ತಿಪಟೂರು

ಉತ್ತರ: ಫ್ರೀಪ್ಲೇನ್ ಉಚಿತ, ಕಂಪ್ಯೂಟರ್‌ಗೆ ಹಾಕಿಕೊಂಡರೆ ಇಂಟರ್ನೆಟ್ ಇಲ್ಲದೆಯೂ ನಡೆಯುತ್ತದೆ. ಕನ್ನಡ ಯೂನಿಕೋಡ್‌ನಲ್ಲಿ ಟೈಪ್ ಮಾಡಿ. ಕನ್ನಡ ಟೈಪಿಂಗ್ ಸಾಫ್ಟ್‌ವೇರ್ ನುಡಿಯ ಹಳೇ ಫಾಂಟಿನಲ್ಲಿ ಮಾಡಿಟ್ಟ ಪಾಠಗಳನ್ನು ಹಾಗೇ ಕಾಪಿ ಮಾಡಿ ಹಾಕಿದರೆ ಅರ್ಥವಾಗದ ಅಕ್ಷರ ಬರುತ್ತವೆ, ಮೊದಲು ಯೂನಿಕೋಡ್‌ಗೆ ಬದಲಾಯಿಸಿಕೊಳ್ಳಿ. ಆದರೆ ಸರ್, ಮಕ್ಕಳಿಗೆ ಮೊದಲ ಒಂದು ತಿಂಗಳು ಹಾಳೆ, ಪೆನ್ಸಿಲ್ಲೇ ಇರಲಿ. ಇನ್ನೊಂದು ಕೋರಿಕೆ, ನೀವು ಬೋರ್ಡ್ ಮೇಲೆ ಬರೆದ ಮ್ಯಾಪನ್ನು ಅವರು ನಕಲು ಮಾಡಿಕೊಳ್ಳುವುದು ಬೇಡ. ಪಾಠ ಮುಗಿದ ಮೇಲೆ ಪುಸ್ತಕ ಮುಚ್ಚಿಸಿ, ನೆನಪಿನಿಂದ ಬರೆಯಲಿ. ಆಮೇಲೆ ಪುಸ್ತಕ ತೆರೆದು, ಬಿಟ್ಟುಹೋದದ್ದನ್ನು ಬೇರೆ ಬಣ್ಣದಲ್ಲಿ ಸೇರಿಸಲಿ. ಯಾರಿಗೆ ಏನು ಬಂದಿಲ್ಲ ಅಂತ ಆ ಬಣ್ಣ ನೋಡಿದರೆ ನಿಮಗೆ ಗೊತ್ತಾಗುತ್ತದೆ.

ಪ್ರಶ್ನೆ: ಎಲ್ಲಾ ಕೆಲಸಕ್ಕೂ ಮೈಂಡ್ ಮ್ಯಾಪ್ ಮಾಡಬಹುದೇ? ಮೆದುಳಿನ ಎರಡೂ ಭಾಗ ಕೆಲಸ ಮಾಡುತ್ತವೆ ಅನ್ನುತ್ತಾರೆ.
– ಓದುಗ, ಗೌರಿಬಿದನೂರು

ಉತ್ತರ: ಎಡ ಮೆದುಳು ಬಲ ಮೆದುಳು ಅನ್ನುವ ಮಾತನ್ನು ಬಿಟ್ಟುಬಿಡಿ. ನಾವು ಏನೇ ಮಾಡಿದರೂ ಎರಡೂ ಕಡೆ ಕೆಲಸ ಮಾಡುತ್ತಿರುತ್ತವೆ. ಒಂದಾದ ಮೇಲೆ ಒಂದು ನಡೆಯಲೇಬೇಕಾದ ಕೆಲಸಕ್ಕೆ, ಅಂದರೆ ಖಾತೆ ಬದಲಾವಣೆ ಅರ್ಜಿ, ಮದುವೆ ಮನೆ ಸಾಮಾನು, ತಿಂಗಳ ಲೆಕ್ಕ, ಇವಕ್ಕೆಲ್ಲ ಸುಮ್ನೆ ಪಟ್ಟಿ ಬರೆಯಿರಿ. ವಿಷಯ ಜಾಸ್ತಿ ಇದ್ದು ಎಲ್ಲಿಂದ ಶುರು ಮಾಡಬೇಕು ಅಂತ ಗೊತ್ತಾಗದೆ ಕೂತಾಗ ಹಾಳೆಯನ್ನು ಅಡ್ಡ ತಿರುಗಿಸಿ.